ಬಾಗಿಲು ತೆಗೆದಿಡುವ ಬಗ್ಗೆ

ರಬ್ಬರಿನ ವಾಸನೆ, ಎಲ್ಲಿಂದ ಬಂತಪ್ಪ ಇದು, ವಿಚಾರಣೆ ಕಚೇರಿಯ ಈ ಉದ್ದನೆ ಹಜಾರದಲ್ಲಿ ಫಿನಾಯಿಲು, ಹಳೇ ಕಾಗದ, ಯಾರದೋ ಒದ್ದೆ ಛತ್ರಿ, ಇಷ್ಟೇ ಇರಬೇಕಲ್ಲ — ಆಮೇಲೆ ಕಂಡಿತು, ಎದುರು ಬೆಂಚಿನ ಹೆಂಗಸಿನ ಚಪ್ಪಲಿ, ಹೊಚ್ಚ ಹೊಸದು, ಅಂಗಡಿಯ ಚೀಟಿ ಇನ್ನೂ ಅಂಚಿಗೆ ಅಂಟಿಕೊಂಡೇ ಇದೆ, ಇವತ್ತಿಗೆಂದೇ ತಂದಿರಬೇಕು ಪಾಪ, ಅಧಿಕಾರಿಗಳ ಮುಂದೆ ನಿಲ್ಲುವಾಗ ಕಾಲಾದರೂ ನೆಟ್ಟಗೆ ಕಾಣಲಿ ಎಂದು, ಆ ವಾಸನೆ ಮೂಗಿಗೆ ಹತ್ತಿದ್ದೇ ತಡ ಕಿಟಕಿಯಮ್ಮನ ಬಲಗೈ ತನ್ನಷ್ಟಕ್ಕೆ ತಾನೇ ಮಡಿಲ ಮೇಲಿಂದ ಏನನ್ನೋ ಕೊಡವಿತು, ಅಲ್ಲಿ ಏನೂ ಇರಲಿಲ್ಲ, ಇದ್ದದ್ದು ಹದಿನಾಲ್ಕು ವರ್ಷದ ಹಿಂದೆ, ಅಳಿಸಿದ ರಬ್ಬರಿನ ಪುಡಿ, ಊದಿದರೆ ಹಾರಿಹೋಗುವಷ್ಟು. ಏನಮ್ಮಾ, ನೀರು ಬೇಕಾ, ಪಕ್ಕದಲ್ಲಿ ಕೂತ ಮಗಳು ಬಾಟಲಿ ಮುಂದೆ ಹಿಡಿಯುತ್ತಾಳೆ, ಬೇಡ ಕಣೆ, ಗಂಟಲು ಸರಿಯಾಗಿದೆ — ಗಂಟಲು ಎಂದಳೇ ತಾನು, ಆ ಮಾತು ಇವತ್ತೇ ಬಾಯಿಗೆ ಬರಬೇಕೇ, ಮಗಳಿಗೇನೂ ತಿಳಿದಂತಿಲ್ಲ, ಅವಳು ಮತ್ತೆ ಕಿವಿಯ ಹತ್ತಿರ ಬಾಗಿ, ನೆನಪಿಲ್ಲ ಅಂದ್ರೆ ಸಾಕಮ್ಮಾ, ವಕೀಲರು ಹೇಳಿಕೊಟ್ಟಿದಾರಲ್ಲ, ಅದೇನು ಸುಳ್ಳಲ್ಲ, ವಯಸ್ಸಾಗಿದೆ ನಿಂಗೆ, ಅನ್ನುತ್ತಾಳೆ. ತಾನು ಕಚೇರಿ ಕೆಲಸಕ್ಕಿದ್ದ ಶಾಲೆಯಲ್ಲೇ ಓದಿ ಈಗ ಅದೇ ಶಾಲೆಯಲ್ಲಿ ಪಾಠ ಮಾಡುವ ಮಗಳು, ಅಲ್ಲಿನ ಅನ್ನ ಇವಳ ತಟ್ಟೆಯಲ್ಲಿದೆ, ತನ್ನದರಲ್ಲಿ ಇಪ್ಪತ್ತಾರು ವರ್ಷ ಇತ್ತು.

ಕಿಟಕಿಯಮ್ಮ ಎಂದು ಮಕ್ಕಳೇ ಇಟ್ಟದ್ದು, ಅವಳ ಮುಖವನ್ನು ಅವರು ಕಂಡದ್ದು ಶಾಲೆಯ ಕಚೇರಿಯ ಕಿಟಕಿಯಲ್ಲೇ ತಾನೇ, ಸೊಂಟದಿಂದ ಕೆಳಗೆ ಅವಳಿಗೆ ಕಾಲೇ ಇಲ್ಲ ಎಂದು ಒಂದನೇ ತರಗತಿಯ ತುಂಟನೊಬ್ಬ ಗುಲ್ಲೆಬ್ಬಿಸಿದ್ದ, ಒಂದು ದಿನ ಹೊರಗೆ ಬಂದು ಕಾಲು ತೋರಿಸಿ ಹೋಗಬೇಕಾಯಿತು, ಎಷ್ಟು ನಕ್ಕಿದ್ದರು ಎಲ್ಲ. ಕಿಟಕಿ ಎತ್ತರದ್ದು, ದೊಡ್ಡವರ ಅಳತೆಗೆ ಕಟ್ಟಿದ್ದು, ಪುಟ್ಟ ಮಕ್ಕಳು ಬಂದರೆ ಮೊದಲು ಕಾಣುವುದು ಬೆರಳು, ಹಲಗೆಯನ್ನು ಹಿಡಿದು ಜೋತುಬಿದ್ದ ಬೆರಳು, ಹೆಬ್ಬೆರಳು ಕೆಳಗೆ ಸೇರಿ ಮೇಲೆ ಎಂಟೇ — ಯಾರಪ್ಪಾ ಅದು ಎಂಟು ಬೆರಳು, ಎಂದು ಅವಳು ರೇಗಿಸುವುದು, ಆಚೆಯಿಂದ ಕಿಸಕ್ಕೆಂದು ನಗು. ಅವತ್ತು ನಗು ಬರಲಿಲ್ಲ. ಎಂಟು ಬೆರಳು, ತೋರುಬೆರಳಿಗೆ ಶಾಯಿ ಮೆತ್ತಿತ್ತು, ಮಧ್ಯೆ ನಾಲ್ಕು ಮಡಿಕೆಯ ಕಾಗದ. ಯಾರು ಕೊಟ್ಟರು ಮರಿ, ಅಮ್ಮ ಕೊಟ್ಟರಾ? ಇಲ್ಲ, ನಾನೇ ಬರ್ದಿದ್ದು. ಆ ತಿಂಗಳು ಐದನೇ ತರಗತಿಗೆ ಮನವಿ ಪತ್ರ ಬರೆಯುವುದು ಹೇಗೆ ಎಂದು ಪಾಠವಾಗಿತ್ತು, ಮಗು ಒಂದು ಗೆರೆಯೂ ತಪ್ಪದೆ ಬರೆದಿತ್ತು, ಇವರಿಗೆ, ಇವರಿಂದ, ಮಾನ್ಯರೇ, ವಿಷಯ: ಹಾಡಿನ ಕೋಣೆಯ ಬಾಗಿಲು ತೆಗೆದಿಡುವ ಬಗ್ಗೆ, ಹಾಡಿನ ಮೇಷ್ಟ್ರು ನನ್ನೊಬ್ಬಳನ್ನೇ ನಿಲ್ಲಿಸಿಕೊಂಡು ಬಾಗಿಲು ಹಾಕುತ್ತಾರೆ, ನನಗೆ ಭಯವಾಗುತ್ತದೆ, ಆದ್ದರಿಂದ ಬಾಗಿಲು ತೆಗೆದಿಡಿಸಬೇಕಾಗಿ ಕೇಳಿಕೊಳ್ಳುತ್ತೇನೆ, ಇತಿ ತಮ್ಮ ವಿಧೇಯ ವಿದ್ಯಾರ್ಥಿನಿ. ವಿಧೇಯ ಎಂಬಲ್ಲಿ ಒಮ್ಮೆ ತಪ್ಪಾಗಿ, ಹೊಡೆದುಹಾಕಿ, ಮತ್ತೆ ದುಂಡಗೆ ಬರೆದಿದ್ದಳು. ಓದಿದ ಮೇಲೆ ಕಿಟಕಿಯಮ್ಮ ಏನು ಮಾಡಿದಳು, ಎದ್ದಳೇ, ಮಗುವನ್ನು ಒಳಗೆ ಕರೆದಳೇ, ಇಲ್ಲ, ಎಲ್ಲ ಕಾಗದಕ್ಕೂ ಮಾಡುವುದನ್ನೇ ಮಾಡಿದಳು, ರಿಜಿಸ್ಟರಿನಲ್ಲಿ ಬರೆದು, ತಲುಪಿದೆ ಎಂದು ಚೀಟಿ ಹರಿದು ಕೊಟ್ಟಳು, ಸಂಖ್ಯೆ ಇನ್ನೂರ ಹದಿನಾಲ್ಕು. ಮಗು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಿತು.

ಚೀಟಿ ಶಾಯಿಯಲ್ಲಿ, ರಿಜಿಸ್ಟರು ಪೆನ್ಸಿಲಿನಲ್ಲಿ — ಅದು ಅಲ್ಲಿನ ಪದ್ಧತಿ, ಹೊರಗಿನವರಿಗೆ ಹೇಳಿದರೆ ನಗುತ್ತಾರೆ, ಬಂದ ಕಾಗದವನ್ನು ಮೊದಲು ಪೆನ್ಸಿಲಿನಲ್ಲಿ ಬರೆಯುವುದು, ಸಂಜೆ ಹಿರಿಯರು ನೋಡಿದ ಮೇಲೆ ಅದರ ಮೇಲೆಯೇ ಶಾಯಿ ತಿದ್ದುವುದು. ಹಿರಿಯರು ಎಂದರೆ ಧರ್ಮಸಂಸ್ಥೆಗೂ ಶಾಲೆಗೂ ಮುಖ್ಯಸ್ಥರು, ಗಂಡ ಸತ್ತ ತಿಂಗಳೇ ಕರೆದು ಕೆಲಸ ಕೊಟ್ಟವರು, ಎಂದೂ ಗದರಿದವರಲ್ಲ, ಅವಳನ್ನು ತಾಯಿ ಎಂದೇ ಕರೆಯುವುದು. ಆ ಸಂಜೆ ಕಾಗದವನ್ನು ಎರಡು ಸಲ ಓದಿದರು, ಕನ್ನಡಕ ತೆಗೆದರು, ಒರೆಸಿದರು, ಚಿಕ್ಕ ಮಗು, ಏನೋ ತಿಳೀದೆ ಬರೆದಿದೆ, ನಮ್ಮ ಮನೆ ಮಾತು ನಮ್ಮಲ್ಲೇ ಇರ್ಲಿ, ನಾನು ಮೇಷ್ಟ್ರ ಹತ್ರ ಮಾತಾಡ್ತೀನಿ, ಎಂದರು, ಕಾಗದ ಅವರ ಜೇಬಿಗೆ ಹೋಯಿತು, ಹೊರಡುವಾಗ ಬಾಗಿಲಲ್ಲಿ ನಿಂತು, ಇನ್ನೂರ ಹದಿನಾಲ್ಕು ಇನ್ನೂ ಖಾಲಿ ಇದೆ ಅಲ್ವಾ ತಾಯಿ. ಅಳಿಸು ಅನ್ನಲಿಲ್ಲ! ಅಷ್ಟು ಜಾಣತನ ಅವರಿಗೆ ಯಾರು ಕಲಿಸಿದರೋ, ಹೌದು ಖಾಲಿ ಇದೆ ಎಂದಳು ಇವಳು, ಮಹಾ ನಿಯತ್ತಿನವಳು, ರಬ್ಬರು ತೆಗೆದಳು, ಉಜ್ಜಿದಳು, ಊದಿದಳು. ಮರುದಿನ ಅದೇ ಸಾಲಿನಲ್ಲಿ ನೀರಿನ ಟ್ಯಾಂಕು ತೊಳೆಯುವವನ ಕಾಗದ ಕೂತಿತು, ಶಾಯಿಯಲ್ಲಿ. ಆಮೇಲೆ ನಾಲ್ಕು ದಿನ, ದಿನಾ ಊಟದ ಬಿಡುವಿನಲ್ಲಿ, ಎಂಟು ಬೆರಳು, ಅದರಲ್ಲಿ ಎರಡರ ನಡುವೆ ಚೀಟಿ, ನನ್ನ ಕಾಗದ ಎಲ್ಲಿಗ್ ಹೋಯ್ತು? ಮೇಲೆ ಹೋಗಿದೆ ಮರಿ. ಇವತ್ತು? ಮೇಲೇ ಇದೆ. ಐದನೆಯ ದಿನ ಬರಲಿಲ್ಲ, ಕಿಟಕಿಯಮ್ಮನಿಗೆ ಆಗ ಏನನ್ನಿಸಿತು, ನಾಚಿಕೆಯಾಗಬೇಕು ಹೇಳಲು — ಹಾಯೆನಿಸಿತು. ವರ್ಷದ ಕೊನೆಗೆ ಹಾಡಿನ ಮೇಷ್ಟ್ರನ್ನು ಅದೇ ಸಂಸ್ಥೆಯ ಇನ್ನೊಂದು ಶಾಲೆಗೆ ಕಳಿಸಿದರು, ಹೂಗುಚ್ಛ ಕೊಟ್ಟು, ಭಾಷಣ ಮಾಡಿ, ಸನ್ನಡತೆಯ ಪತ್ರ ಟೈಪು ಮಾಡಿದ್ದೂ ಈ ಕೈಯೇ, ನಡತೆ ಅತ್ಯುತ್ತಮ ಎಂದು, ಅಲ್ಲಿ ಮೂರು ಮಕ್ಕಳು, ಈ ವರ್ಷ ಆ ಮೂವರ ಮನೆಯವರು ಒಟ್ಟಾಗಿ ನಿಂತ ಮೇಲೆ ತಾನೇ ಈ ವಿಚಾರಣೆ, ಸಂಸ್ಥೆಯವರು ಹೇಳುತ್ತಿದ್ದಾರೆ, ಮೊದಲಿನ ಶಾಲೆಯಲ್ಲಿ ಒಂದೇ ಒಂದು ದೂರೂ ಬಂದಿರಲಿಲ್ಲ, ಬೇಕಾದರೆ ರಿಜಿಸ್ಟರು ನೋಡಿ.

ನೀವೇನಾ ಕಿಟಕಿಯಮ್ಮ? ಎದುರು ಬೆಂಚಿನ ಹೆಂಗಸು ಕೇಳುತ್ತಿದ್ದಾಳೆ, ಮೆಲ್ಲಗೆ, ಮಗಳು ತಟ್ಟನೆ, ಮಾತಾಡ್ಬೇಡಮ್ಮಾ, ಆದರೆ ತಲೆ ಆಗಲೇ ಹೌದೆಂದು ಆಡಿಬಿಟ್ಟಿದೆ. ಆ ಕಾಗದ ಬರ್ದಿದ್ದು ನನ್ ಮಗಳು ಕಣ್ರೀ, ಇವತ್ತು ಬರ್ಲಿಲ್ಲ, ಮನೆಯಿಂದ ಆಚೆ ಬರೋದೇ ಕಮ್ಮಿ, ಈಗ ಇಪ್ಪತ್ನಾಲ್ಕು ಅವಳಿಗೆ, ರೂಮಿನ ಬಾಗಿಲು ಮಾತ್ರ ಹಾಕೋಕೆ ಬಿಡಲ್ಲ, ಸ್ನಾನಕ್ಕೆ ಹೋದ್ರೂ ನಾನು ಹೊರಗೆ ಕಾವಲು ಕೂರ್ಬೇಕು. ಹೆಂಗಸು ಚೀಲದಿಂದ ಒಂದು ಕಂಪಾಸ್ ಬಾಕ್ಸ್ ತೆಗೆದಳು, ತುಕ್ಕು ಹಿಡಿದದ್ದು, ಅದರೊಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಚೀಟಿ, ಕಿಟಕಿಯಮ್ಮನ ಅಕ್ಷರ, ದುಂಡು ದುಂಡಾಗಿ, ಇನ್ನೂರ ಹದಿನಾಲ್ಕು. ನಿಮ್ಮನ್ನ ಬೈಯಲ್ಲ ಅವಳು, ಒಂದಿನಾನೂ ಬೈದಿಲ್ಲ, ಕಿಟಕಿಯಮ್ಮ ಚೀಟಿ ಕೊಟ್ಟಿದಾರೆ, ನನ್ ಕಾಗದ ಎಲ್ಲೋ ಇದ್ದೇ ಇರುತ್ತೆ ಅಂತಾಳೆ, ಈಗ್ಲೂ. ಅಯ್ಯೋ ಬೈಯಬಾರದಾಗಿತ್ತೇ, ಶಾಪ ಹಾಕಬಾರದಾಗಿತ್ತೇ, ಎದ್ದು ಬಂದು ಕೆನ್ನೆಗೆ ಬಾರಿಸಿದ್ದರೂ ಇಷ್ಟು ಸಂಕಟ ಆಗುತ್ತಿರಲಿಲ್ಲ, ಹೊಸ ಚಪ್ಪಲಿಯ ವಾಸನೆ, ರಬ್ಬರು, ರಬ್ಬರು, ಅಷ್ಟರಲ್ಲಿ ಜವಾನ ಬಾಗಿಲು ತೆರೆದು ಕರೆದ, ಹೆಂಗಸು ಚೀಟಿಯನ್ನು ಅವನ ಕೈಗಿಟ್ಟಳು, ಮಗಳು ತೋಳು ಹಿಡಿದು ಎಬ್ಬಿಸಿದಳು, ನೆನಪಿಲ್ಲ, ಅಷ್ಟೇ ಅಮ್ಮಾ, ನೆನಪಿಲ್ಲ.

ಒಳಗೆ ಫ್ಯಾನು ತಿರುಗುತ್ತಿದೆ, ಮೇಜಿನಾಚೆ ವಿಚಾರಣಾಧಿಕಾರಿ, ಎಡಕ್ಕೆ ಬರೆದುಕೊಳ್ಳುವವನು, ಬಲಕ್ಕೆ ಸಂಸ್ಥೆಯ ವಕೀಲರು, ಅವರ ಪಕ್ಕ ಗಾಲಿ ಕುರ್ಚಿಯಲ್ಲಿ ಹಿರಿಯರು, ಎಷ್ಟು ಇಳಿದುಹೋಗಿದ್ದಾರೆ, ಆದರೂ ಅದೇ ನಗು, ಚೆನ್ನಾಗಿದೀರಾ ತಾಯಿ. ಹಿಂದಿನ ಸಾಲಿನಲ್ಲಿ ಮಗಳು ಕೂತ ಸದ್ದು. ಈ ಚೀಟಿಯ ಅಕ್ಷರ ನಿಮ್ಮದಾ? ನನ್ನದೇ. ರಿಜಿಸ್ಟರಲ್ಲಿ ಈ ಸಂಖ್ಯೆಗೆ ಟ್ಯಾಂಕ್ ತೊಳೆಯೋ ವಿಷಯ ಇದೆಯಲ್ಲ? ಅಧಿಕಾರಿ ಹಾಳೆಯನ್ನು ಎತ್ತಿ ಬೆಳಕಿಗೆ ಹಿಡಿದರು, ಶಾಯಿಯ ಅಡಿಯಲ್ಲಿ ಪೆನ್ಸಿಲಿನ ಗೀರು ಕಾಣುತ್ತಿತ್ತು, ಓದಲಾಗದಷ್ಟು, ಇದೆ ಎನ್ನುವಷ್ಟು, ವಕೀಲರ ಕತ್ತು ಇವಳ ಕಡೆ ತಿರುಗಿತು, ನೆನ — ಎಂದು ಬಂದ ಮಾತು ನಾಲಿಗೆ ತುದಿಯಲ್ಲೇ ನಿಂತಿತು. ನಾನೇ ಅಳಿಸಿದ್ದು ಸ್ವಾಮಿ, ಖಾಲಿ ಇದೆ ಅಲ್ವಾ ಅಂತ ಅವರು ಕೇಳಿದ್ರು, ನಾನು ಖಾಲಿ ಮಾಡಿದೆ. ನಗು ಹಿರಿಯರ ಮುಖದಿಂದ ಹೋಗಲಿಲ್ಲ, ಹಾಗೇ ಒಣಗಿತು. ಆ ಮಗು ಬರೆದದ್ದು ನಿಜ ಇರ್ಬಹುದು ಅಂತ ಆಗ ನಿಮಗೆ ಅನ್ನಿಸಿತ್ತಾ? ಇದೊಂದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಇದೊಂದನ್ನು ಹದಿನಾಲ್ಕು ವರ್ಷ ಅವಳು ತನ್ನನ್ನೂ ಕೇಳಿಕೊಂಡಿರಲಿಲ್ಲ — ಆ ಸಂಜೆ ಪುಡಿ ಊದಿ, ಚೀಲ ಹೆಗಲಿಗೇರಿಸಿ, ಮನೆಗೆ ಹೋಗಿ, ಚಪ್ಪಲಿ ಬಿಡುವ ಮೊದಲೇ ಹನ್ನೆರಡರ ಮಗಳಿಗೆ ಹೇಳಿದ್ದು, ನಾಳೆಯಿಂದ ಹಾಡಿನ ಕ್ಲಾಸು ಬೇಡ, ನಿನ್ನ ಗಂಟಲು ಸರಿ ಇಲ್ಲ, ಗಂಟಲಿಗೇನೂ ಆಗಿಲ್ಲಮ್ಮಾ ಎಂದು ಹುಡುಗಿ ಅತ್ತದ್ದು, ಎರಡು ದಿನ ಊಟ ಬಿಟ್ಟದ್ದು, ಆಮೇಲೆ ಇವತ್ತಿನವರೆಗೂ ಬಾಯಿಬಿಟ್ಟು ಒಂದು ಸಾಲು ಹಾಡದೇ ಹೋದದ್ದು. ಅನ್ನಿಸಿತ್ತು, ಎಂದಳು, ಅವತ್ತೇ ನನ್ನ ಮಗಳನ್ನ ಬಿಡಿಸಿದೆ, ನನ್ನ ಮಗಳನ್ನ ಮಾತ್ರ. ಹಿಂದೆ ಬಾಟಲಿ ಕೆಳಗೆ ಬಿದ್ದ ಸದ್ದು, ಉರುಳುತ್ತಾ ಬಂದು ಅವಳ ಕಾಲಿಗೆ ತಾಗಿ ನಿಂತಿತು, ತಿರುಗಿ ನೋಡಲು ಧೈರ್ಯ ಸಾಲದು, ಬರೆದುಕೊಳ್ಳುವವನ ಪೆನ್ನು ಗೀಚುತ್ತಿದೆ, ಶಾಯಿ, ಶಾಯಿಯಲ್ಲೇ ಬರೆಯುತ್ತಿದ್ದಾನೆ, ಇನ್ನೇನಾದರೂ ಹೇಳೋದಿದೆಯಾ, ಕೇಳುತ್ತಿದ್ದಾರೆ, ಇದೆ, ಏನೋ ಇದೆ, ಎದುರಿಗೆ ಮೇಜಿನ ಅಂಚು, ಬರಿದು, ಆ ಅಂಚಿನ ಮೇಲೆ ಎಂಟು ಬೆರಳು, ಒಂದಕ್ಕೆ ಶಾಯಿ ಮೆತ್ತಿದೆ, ಮುಖ ಕಾಣುವುದಿಲ್ಲ, ಎಂಟು ಬೆರಳು, ಹಿಡಿದುಕೊಂಡೇ ಇವೆ