ದ್ಯಾಮಕ್ಕನ ನೂಲು

ಕೀಲಿಕೈ ತಿರುಗುತ್ತಿದೆ, ಇದೂ ಅದೇ ಕಡೆಗೆ, ಗಡಿಯಾರದ ಮುಳ್ಳು ಹೋಗುವ ಕಡೆಗೆ, ಮೊದಲು ಮೆಲ್ಲಗೆ, ಆಮೇಲೆ ಬಿರುಸಾಗಿ — ಮಗ್ಗದ ಕಂಬದಿಂದ ಇಳಿಬಿಟ್ಟ ಮೊಳದುದ್ದದ ಉಣ್ಣೆ ನೂಲು, ಅದರ ತುದಿಗೆ ಅಬ್ಬಾನ ಬಣ್ಣದ ಪೆಟ್ಟಿಗೆಯ ಕಬ್ಬಿಣದ ಕೀಲಿಕೈ, ಆ ಭಾರಕ್ಕೆ ನೂಲಿನ ಹುರಿ ಬಿಚ್ಚಿಕೊಳ್ಳುತ್ತಿದೆ, ಇದು ಹದಿನಾರನೆಯ ಉಂಡೆ, ಕಳೆದ ಸಲ ಬಂದದ್ದು ಇಪ್ಪತ್ತು, ನೋಡಿದ ಹದಿನಾರೂ ಹೀಗೇ, ಒಂದಾದರೂ ಆ ಕಡೆ ತಿರುಗಿದ್ದರೆ ಅಜೀಜಬಿ ತನ್ನ ಕಣ್ಣನ್ನೇ ಅನುಮಾನಿಸುತ್ತಿದ್ದಳು. ಪೆಟ್ಟಿಗೆಯ ತಳದಲ್ಲಿ ಉಳಿದಿದ್ದ ಎರಡು ವರ್ಷದ ಹಿಂದಿನ ನೂಲನ್ನು ಬೆಳಿಗ್ಗೆ ಹೀಗೇ ಇಳಿಬಿಟ್ಟಾಗ ಅದು ಮುಳ್ಳಿಗೆ ಎದುರಾಗಿ ತಿರುಗಿತ್ತು, ಹತ್ತೊಂಬತ್ತು ವರ್ಷ ತಂಬ್ರಹಳ್ಳಿಯ ದ್ಯಾಮಕ್ಕ ಕದಿರಿನಲ್ಲಿ ನೂತುಕೊಟ್ಟದ್ದೆಲ್ಲ ಎದುರಾಗಿಯೇ ತಿರುಗಬೇಕು, ಇದು ಅವಳದಲ್ಲ, ಹಾಗಾದರೆ ಯಾರದು, ಎಲ್ಲಿಂದ ತಂದದ್ದು, ತಂದು ನನಗೇ ಯಾಕೆ ಕೊಟ್ಟದ್ದು. ಕೆಲವು ಮಿಲ್ಲಿನ ನೂಲಿನ ಹುರಿ ನಮ್ಮ ಕೈನೂಲಿಗೆ ಎದುರಾಗಿರುತ್ತದೆ ಎಂದು ತರಬೇತಿಯಲ್ಲಿ ಮೇಷ್ಟ್ರು ಹೇಳಿದ್ದರು, ಆಗ ಅವಳಿಗೆ ಮೂವತ್ತು, ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಡಲು ಹೆದರುತ್ತಿದ್ದಳು, ಬಣ್ಣಗಾರ ಕಮಾಲಸಾಬನ ಮಗಳು ನೇಯೋದು ಕಲೀತಾಳಂತ ಎಂದು ಓಣಿಯವರು ಆಡಿಕೊಂಡಿದ್ದರು — ಆದರೆ ಮಿಲ್ಲಿನದಾದರೆ ನೂಲು ಒಂದೇ ಸಮ ಇರಬೇಕು, ಇದು ದಪ್ಪ, ತೆಳು, ಮತ್ತೆ ದಪ್ಪ, ಸುಟ್ಟು ನೋಡಿದಳು, ಕೂದಲು ಸುಟ್ಟ ವಾಸನೆಯೇ ಬಂತು, ಉಣ್ಣೆಯೇ, ಹಾಗಂತ ಬಿಟ್ಟುಬಿಡಲಾಗುತ್ತದೆಯೇ, ಮೋಸ ಮಾಡುವವರು ಒಂದೇ ಸಮ ಇರುವುದನ್ನು ಕೊಟ್ಟು ಸಿಕ್ಕಿಬೀಳುತ್ತಾರೆಯೇ.

ಮೊದಲು ಅನುಮಾನ ಹೋದದ್ದು ಬಣ್ಣದ ಮೇಲೆ, ಅದನ್ನೂ ಒಪ್ಪಬೇಕು. ದಾಳಿಂಬೆ ಸಿಪ್ಪೆಯ ಹಳದಿ, ಹಳೆಯ ನೂಲಿಗೂ ಹೊಸದಕ್ಕೂ ಒಂದೇ ಹಂಡೆ, ಒಂದೇ ದಿನ, ಕಿಲೋ ನೂಲಿಗೆ ಬಣ್ಣ ಕಚ್ಚಲು ನೂರೈವತ್ತು ಗ್ರಾಂ ಪಟಿಕ, ತಕ್ಕಡಿಯಲ್ಲಿ ತೂಗಿ ಹಾಕಿದ್ದು, ಕಣ್ಣಳತೆಯದಲ್ಲ, ಆದರೂ ನೇಯ್ದ ಮೇಲೆ ಬಟ್ಟೆಯಲ್ಲಿ ಪಟ್ಟೆ ಎದ್ದವು, ಬಾಗಿಲ ಕಡೆಯಿಂದ ನೋಡಿದರೆ ಹೊಸ ನೂಲಿನ ಪಟ್ಟೆ ಕಂದು, ಗೋಡೆಯ ಕಡೆಯಿಂದ ನೋಡಿದರೆ ಅದೇ ಪಟ್ಟೆ ಬೆಳ್ಳಗೆ, ಸಿಪ್ಪೆ ಕೊಟ್ಟವನನ್ನು ಬೈದಳು, ನಲ್ಲಿಯ ನೀರನ್ನು ಬೈದಳು, ನೀರು ಬದಲಿಸಿ ಮತ್ತೆ ಕುದಿಸಿದಳು, ಪಟ್ಟೆ ಹೋಗಲಿಲ್ಲ, ಹೋಗುವುದಾದರೂ ಹೇಗೆ, ಅದು ಬಣ್ಣದ್ದಲ್ಲ, ಬೆಳಕಿನದು, ಹುರಿ ಬೇರೆಯಾದರೆ ಬೆಳಕು ಬೀಳುವುದೇ ಬೇರೆ. ಇಷ್ಟು ತಿಳಿಯಲು ಹನ್ನೊಂದು ದಿನ ಹಿಡಿಯಿತು. ಎಡಗೈಯಲ್ಲಿ ನೂತರೂ ಹುರಿ ಎದುರಾಗುತ್ತದೆ, ದ್ಯಾಮಕ್ಕ ಎಡಚಿಯಾದರೆ ಬೇರೆ ಮಾತು, ಎಡಚಿಯಲ್ಲ, ಈ ಮನೆಯಲ್ಲೇ ಎಷ್ಟು ಸಲ ಬಲಗೈಯಲ್ಲಿ ರೊಟ್ಟಿ ಮುರಿದಿಲ್ಲ, ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ, ಅಜೀಜವ್ವಾ ನಿನ್ನ ಸಾರಿಗೆ ಉಪ್ಪು ಹಾಕಾಕ ಕಂಜೂಸಿ ಮಾಡ್ತಿ ನೋಡು ಎಂದು ನಗುತ್ತ — ಅದೇ ದ್ಯಾಮಕ್ಕ ನಾಲ್ಕು ತಿಂಗಳಿಂದ ಈ ಹೊಸಿಲು ತುಳಿದಿಲ್ಲ. ಗಂಡ ಬರುತ್ತಾನೆ. ಚೀಲ ಇಡುತ್ತಾನೆ, ಮುಂದಿನ ನೂಲಿಗೆ ಉಣ್ಣೆ ತಗೊಳ್ಳುತ್ತಾನೆ, ಹೋಗುತ್ತಾನೆ. ಮೊದಲ ಸಲ ಆಕಿ ತಂಗಿ ಮನಿಗೆ ಹೋಗ್ಯಾಳ್ರಿ ಎಂದ, ಎರಡನೆಯ ಸಲ ಮಾಗಳಕ್ಕೆ ಎಂದ, ಮಾಗಳದಲ್ಲಿ ಅವಳಿಗೆ ಯಾರಿದ್ದಾರೆ, ಹತ್ತೊಂಬತ್ತು ವರ್ಷದಲ್ಲಿ ಒಂದು ದಿನವೂ ಆ ಹೆಸರು ಬಂದಿಲ್ಲ, ಮೂರನೆಯ ಸಲ ಬಸ್ಸಿನಾಗ ಕುಂದ್ರಾಕ ಆಗಂಗಿಲ್ರಿ ಎಂದ. ಫೋನು ಅವನದು, ಅವಳಿಗೆ ಕೊಡು ಎಂದರೆ ಹಿತ್ತಲದಾಗ ಅದಾಳ್ರಿ. ಯಾವಾಗಲೂ ಹಿತ್ತಲದಾಗ.

ಅವನು ಈಗ ಹೊರಗೆ ಕಟ್ಟೆಯ ಮೇಲಿದ್ದಾನೆ, ಬೊಮ್ಮಪ್ಪ, ಕೆಮ್ಮು ಕೇಳುತ್ತಿದೆ. ನಿನ್ನೆ ಫೋನಿನಲ್ಲಿ ನಾಳೆ ಬರ್ರಿ, ಒಂದು ಮಾತು ಐತಿ ಎಂದಿದ್ದಳು, ಏನು ಎಂದು ಹೇಳಿರಲಿಲ್ಲ, ಹೇಳಿದರೆ ಬರುತ್ತಿರಲಿಲ್ಲ ಎಂಬ ಲೆಕ್ಕ. ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸು ಬದಲಿಸಿ ಕೊಟ್ಟೂರಿನಲ್ಲಿ ಹತ್ತೂವರೆಗೆ ಇಳಿದಿದ್ದಾನೆ, ಚಹಾ ಕೊಟ್ಟಿದ್ದಾಳೆ, ಕುಡಿಯಲಿ, ಕುಡಿದ ಮೇಲೆ ಹೇಳಿದರಾಯಿತು, ಎರಡು ಚೀಲ ತಂದಿದ್ದಾನೆ, ಒಂದು ಇಲ್ಲಿಗೆ, ಇನ್ನೊಂದು ಹಡಗಲಿಯ ಗೀತಮ್ಮನಿಗೆ, ಅವಳಿಗೂ ಇದೇ ನೂಲು ಹೋಗುತ್ತಿದೆ ಅಂತಾಯಿತು, ಗೀತಮ್ಮ ಪಾಪ ಹುರಿ ನೋಡುವವಳಲ್ಲ, ಕೊಟ್ಟದ್ದನ್ನು ನೇಯುವವಳು. ಇಂಥವರಿಗೆ ತಿಳಿಯಲಿ ಎಂದೇ ಬೆಳಿಗ್ಗೆ ವಾಟ್ಸಾಪ್ ಗುಂಪಿಗೆ ದನಿಯಲ್ಲಿ ಹಾಕಿದ್ದು. ಕೂಡ್ಲಿಗಿ, ಹರಪನಹಳ್ಳಿ, ಹಡಗಲಿ, ಎಲ್ಲ ಕಡೆಯ ನೇಯುವವರು ಬಣ್ಣ ಹಾಕುವವರು ಇಪ್ಪತ್ಮೂರು ಜನ ಇರುವ ಗುಂಪು, ಬಟನ್ ಒತ್ತಿ ಹಿಡಿದು ಅಜೀಜಬಿ ಹೇಳಿದ್ದು ಇಷ್ಟೇ, ದ್ಯಾಮಕ್ಕನ ಹೆಸರಿನಾಗ ತಂಬ್ರಹಳ್ಳಿಯಿಂದ ಬರೋ ನೂಲು ಕೈನೂಲು ಅಲ್ಲ, ನಾ ನೋಡೀನಿ, ಯಾರೂ ತಗೋಬ್ಯಾಡ್ರಿ. ಹನ್ನೆರಡು ಸೆಕೆಂಡು. ಹೆಸರು ಹೇಳಬಾರದಿತ್ತೋ ಏನೋ, ಆದರೆ ಹೆಸರಿಲ್ಲದೆ ಹೇಳಿದರೆ ಎಲ್ಲರ ಮೇಲೂ ಅನುಮಾನ ಬರುತ್ತದೆ, ಅದು ಇನ್ನೂ ದೊಡ್ಡ ತಪ್ಪು. ಕೇಳಿದವರು ಹದಿನೇಳು ಎಂದು ಫೋನು ತೋರಿಸಿತು, ಗೀತಮ್ಮನ ಉತ್ತರವೂ ಬಂತು, ಹೌದೇನ್ರಿ ಅಕ್ಕಾ, ಇವತ್ತು ಅಂವ ಬರ್ತಾನ, ಬಂದ್ರ ವಾಪಸ್ ಕಳಿಸ್ತೀನಿ ಬಿಡ್ರಿ, ಇನ್ಮ್ಯಾಲೆ ಬ್ಯಾಡ.

ಮೋಸ ಬೇರೆ ಯಾರಿಗಾದರೂ ಆಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಅಜೀಜಬಿ ತಾನು ನೇಯ್ದ ಪ್ರತಿಯೊಂದು ಶಾಲಿಗೂ ಒಂದು ಚೀಟಿ ಕಟ್ಟುತ್ತಾಳೆ, ಚೀಟಿಯ ಮೇಲೆ ದ್ಯಾಮಕ್ಕನ ಫೋಟೋ, ಕದಿರು ಹಿಡಿದು, ಹಣೆ ತುಂಬ ಕುಂಕುಮ, ಕೆಳಗೆ ಕೈಯಿಂದ ನೂತವರು ದ್ಯಾಮಕ್ಕ ಎಂದು ಅಚ್ಚು, ಆ ಅಕ್ಷರ ಸುಳ್ಳಾದರೆ ನಾನು ಕಟ್ಟಿದ ಚೀಟಿಯೇ ಸುಳ್ಳು, ಅಬ್ಬಾ ಒಮ್ಮೆ ಬಣ್ಣ ಬಿಟ್ಟ ನೂಲನ್ನು ಸಂತೆಯಿಂದ ವಾಪಸ್ ತಂದು ಎಲ್ಲರೆದುರು ಬೆಂಕಿಗೆ ಹಾಕಿದ್ದ, ಕಮಾಲಸಾಬಗ ಹುಚ್ಚು ಹಿಡದೈತಿ ಅಂದಿದ್ದರು, ಮರುವಾರ ಅಂದವರೇ ಬಣ್ಣ ಹಾಕಿಸಲು ಅವನ ಹತ್ತಿರ ಬಂದಿದ್ದರು — ಕೀಲಿಕೈ ನಿಧಾನವಾಯಿತು, ನಿಂತಿತು, ಒಂದಿಷ್ಟು ಹಿಂದಕ್ಕೆ ಬಂತು, ಮತ್ತೆ ಅದೇ ಕಡೆಗೆ. ಗ್ಲಾಸು ಕಲ್ಲಿನ ಮೇಲೆ ಇಟ್ಟ ಸದ್ದು. ಬೊಮ್ಮಪ್ಪ ಬಾಗಿಲಿಗೆ ಬಂದು ನಿಂತಿದ್ದಾನೆ, ಟವಲಿನಿಂದ ಬಾಯಿ ಒರೆಸುತ್ತ, ಹನ್ನೆರಡರ ಬಸ್ಸಿಗೆ ಹಡಗಲಿಗೆ ಹೋಗಬೇಕಂತೆ, ಏನೋ ಮಾತು ಐತಿ ಅಂದಿದ್ರೆಲ್ಲ ಅಕ್ಕಾರ ಎನ್ನುತ್ತಾನೆ, ಅವನ ಕಣ್ಣು ಇವಳ ಮೇಲಿಲ್ಲ, ನೂಲಿನ ಮೇಲಿದೆ, ಬಿಚ್ಚಿಕೊಂಡು ಸೊರಗುತ್ತಿರುವ ಎಳೆಯ ಮೇಲೆ, ನೋಡಲಿ, ಚೆನ್ನಾಗಿ ನೋಡಲಿ, ತಾನಾಗಿ ಬಾಯಿ ಬಿಡಲಿ, ಅವನು ಒಳಗೆ ಎರಡು ಹೆಜ್ಜೆ ಇಟ್ಟ, ಹರಿದು ಬೀಳತೈತಲ್ರಿ ಇದು ಎಂದು ಗೊಣಗಿದ, ಕೈ ಚಾಚಿ ಕೀಲಿಕೈಯನ್ನು ಎರಡು ಬೆರಳ ನಡುವೆ ಹಿಡಿದು ಚಿಟಿಕೆ ಹೊಡೆದಂತೆ ತಿರುಗಿಸಿ ಬಿಟ್ಟ. ಬಿಚ್ಚುತ್ತಿದ್ದ ಹುರಿ ಬಿಗಿಯಾಯಿತು. ಸೊರಗಿದ ಎಳೆ ಮತ್ತೆ ನೂಲಾಯಿತು. ಎಡಗೈ.

ಬೊಮ್ಮಣ್ಣ, ನೀವು ಎಡಚರೇನ್ರಿ — ಬಂದ ದನಿ ಅವಳದೇ, ಬೇರೆ ಯಾರದೋ ಎಂಬಂತೆ. ಹತ್ತೊಂಬತ್ತು ವರ್ಷ ದ್ಯಾಮಕ್ಕ ಉಣ್ಣುವುದನ್ನು ನೋಡಿದ್ದಾಳೆ, ಅವಳ ಗಂಡ ಯಾವ ಕೈಯಲ್ಲಿ ಗ್ಲಾಸು ಹಿಡಿಯುತ್ತಾನೆ ಎಂದು ಒಂದು ದಿನ ನೋಡಿಲ್ಲ, ಕಟ್ಟೆ ಇಲ್ಲೇ ಇದೆ, ಹತ್ತು ಹೆಜ್ಜೆ. ಅವನು ಕೈಯನ್ನು ಟವಲಿನೊಳಗೆ ಮುಚ್ಚಿಕೊಂಡ, ಕದ್ದ ಮಾಲು ಬಚ್ಚಿಟ್ಟಂತೆ. ಆಕಿ ಕೈ ನಡುಗ್ತಾವ್ರಿ ಅಕ್ಕಾರ, ಸಂಕ್ರಾಂತಿಯಿಂದ, ನೀರಿನ ಚರಿಗಿ ನಿಲ್ಲಂಗಿಲ್ಲ, ಕದರು ಎಲ್ಲಿ ನಿಂದ್ರತೈತಿ. ಸಣ್ಣಾವಿದ್ದಾಗ ಕುರಿ ಹಿಂದ ಅಡ್ಡಾಡಿಕೊಂತ ನೂತ ಕೈ ನಂದು, ಮರ್ತಿದ್ದಿಲ್ಲ. ಚೀಟಿ ಮ್ಯಾಲೆ ಆಕಿ ಫೋಟೋ ಐತಲ್ರಿ, ಗಂಡಸು ನೂತಾನ ಅಂದ್ರ ನೀವು ಬ್ಯಾಡ ಅಂತೀರಿ ಅಂತ ಹೇಳಬ್ಯಾಡ ಅಂದ್ಲು. ಆಮೇಲೆ ಅವನು ಸ್ವಲ್ಪ ನಕ್ಕ, ನೂತದ್ದೆಲ್ಲ ಕೆನ್ನಿಗೆ ಒತ್ತಿ ನೋಡ್ತಾಳ್ರಿ, ಬರೋಬ್ಬರಿ ಇಲ್ಲ ಅಂದ್ರ ಬಿಚ್ಚಿಸ್ತಾಳ, ನಿಮಗಿಂತ ಜೋರು ಅದಾಳ.

ಹೇಳು, ಈಗಲೇ ಹೇಳು, ಹಡಗಲಿಗೆ ಹೋಗಬ್ಯಾಡ್ರಿ ಎಂದು ಹೇಳು, ಗೀತಮ್ಮ ಬಾಗಿಲಲ್ಲೇ ನಿಲ್ಲಿಸಿ ಹೇಳುವ ಮೊದಲು ನೀನು ಹೇಳು, ಫೋನು ಲಾಳಿಯ ಪಕ್ಕದಲ್ಲೇ ಇದೆ, ಅಳಿಸಬಹುದು, ಹದಿನೇಳು ಜನರ ಕಿವಿಯಿಂದ ಅಳಿಸುವುದು ಹೇಗೆ, ಈಗ ಹದಿನೇಳೋ ಇಪ್ಪತ್ತೋ, ಇನ್ನೊಂದು ಹನ್ನೆರಡು ಸೆಕೆಂಡು ಹಾಕಬಹುದು, ನಾನು ತಪ್ಪು ನೋಡಿದೆ ಎಂದು, ನಾ ನೋಡೀನಿ ಎಂದವಳೇ, ಯಾರು ನಂಬುತ್ತಾರೆ, ನಾನಾದರೆ ನಂಬುತ್ತಿದ್ದೆನೇ, ಏನೋ ಒಳಗೊಳಗೇ ರಾಜಿಯಾಗಿರಬೇಕು ಅಂದುಕೊಳ್ಳುತ್ತಿದ್ದೆ. ಬೊಮ್ಮಪ್ಪ ಹಡಗಲಿಯ ಚೀಲವನ್ನು ಹೆಗಲಿಗೇರಿಸಿದ್ದಾನೆ, ಏನ್ರಿ ಮಾತು ಅಂದ್ರ ಎಂದು ಕಾಯುತ್ತಿದ್ದಾನೆ, ಬಾಯಿ ತೆರೆದಿದ್ದಾಳೆ, ಅವನ ಬೆರಳು ಕೊಟ್ಟ ತಿರುವು ಮುಗಿಯುತ್ತ ಬಂತು, ನಿಧಾನ, ಇನ್ನೂ ನಿಧಾನ, ಕೀಲಿಕೈ ನಿಂತಿತು — ಕೀಲಿಕೈ — ನಿಂತು, ಮತ್ತೆ ಬಿಚ್ಚಿಕೊಳ್ಳತೊಡಗಿತು.