ತಿಳಿ ನೀರು

ನೀರಿನ ತಪಾಸಣೆಗೆ ಬಂದ ಸಾಹೇಬರು ಚಾಚಿದ ಬಾಟಲಿಯ ಬಾಯಿಗೆ ಹಳೆಯ ಧೋತರದ ಬಿಳಿ ತುಂಡು ಹಾಸಿ, ಒಂದು ಹನಿಯೂ ಆಚೆ ಚೆಲ್ಲದಂತೆ ಪಾರ್ವತಿಬಾಯಿ ಕೊಡ ಬಾಗಿಸಿದಳು.

"ಬಾವಿ ನೀಳ್ಳೇನಾ, ಅಮ್ಮಾ?" ಸಾಹೇಬರು ತೆಲುಗಿನಲ್ಲಿ ಕೇಳಿದರು.

"ಅವುನು ಸಾರ್, ಬಾವಿದೇ" ಅಂದಳು.

ಸುಳ್ಳೇನಲ್ಲ ಬಿಡಿ. ಬಾವಿಯದೇ ನೀರು. ಹಿಂದಿನ ಸಂಜೆ ಸೇದಿ, ಪಟಿಕದ ತುಂಡು ಆಡಿಸಿ, ಕೆಂಪನೆಯ ರಾಡಿ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನಷ್ಟೇ ಬೇರೆ ಕೊಡಕ್ಕೆ ಬಸಿದದ್ದು. ದೊಡ್ಡವರು ಬರುತ್ತಾರೆಂದು ಅಂಗಳ ಗುಡಿಸಿ ರಂಗೋಲಿ ಹಾಕಿದ ಹೆಂಗಸು, ನೀರನ್ನು ಮಾತ್ರ ಹಾಗೇ ಬಿಟ್ಟಾಳೆಯೆ? ಅವಳ ಊರು ಲಿಂಗಸುಗೂರಿನ ಕಡೆ, ಮನೆಗೆ ಬಂದವರ ಮುಂದೆ ಮೊದಲು ಬೆಲ್ಲ, ನೀರು ಇಡಬೇಕು. ಆ ನೀರಲ್ಲಿ ಕಸ ಕಂಡರೆ ಮನೆಯ ಮಾನವೇ ಹೋಯಿತು. ಬೆಲ್ಲ ಕಚ್ಚಿ, ತಂಬಿಗೆ ಎತ್ತಿ ಗಟಗಟನೆ ಕುಡಿದ ಸಾಹೇಬರಿಗೂ ಆ ಬಿಸಿಲಲ್ಲಿ ಬಾವಿಯ ತನಕ ನಡೆಯುವ ಹುರುಪಿರಲಿಲ್ಲ. ಬಾಟಲಿಗೆ ಚೀಟಿ ಅಂಟಿಸಿ, ಅರಗಿನ ಮುದ್ರೆ ಒತ್ತಿ ಹೊರಟುಹೋದರು.

ಸಂಜೆ ಮಹಡಿಯ ಮೇಲಿನ ಬಾಡಿಗೆಯ ಸತ್ಯಭಾಮಾ ಮಗನನ್ನು ಎತ್ತಿಕೊಂಡು ಬಂದಳು. ಮೈಸೂರಿನವಳು, ಗಂಡ ತರುಣ್ ಮಾಧಾಪುರದ ಸಾಫ್ಟ್‌ವೇರ್ ಕಂಪನಿಯಲ್ಲಿ. ಮಗ ಋಷಭನ ಮೈತುಂಬ ಕಜ್ಜಿ, ಅವತ್ತೂ ಸಾಹೇಬರಿಗೆ ಬಾವಿಯ ನೀರು ಕೊಡಲು ಪಾರ್ವತಿಬಾಯಿಗೆ ಹೇಳಿ ಡಾಕ್ಟರ ಹತ್ತಿರ ಹೋಗಿದ್ದಳು. ಜೀಡಿಮೆಟ್ಲಾದ ಅಂಚಿನ ಆ ಕಾಲೊನಿಯ ಬಾವಿ ಕೆಂಪಾದಾಗಿನಿಂದ ಕಚೇರಿ ಕಚೇರಿ ಅಲೆದು ಚಪ್ಪಲಿ ಸವೆಸಿದವಳು ಅವಳೊಬ್ಬಳೇ. ಹಿಂಬದಿಯ ಕಾರ್ಖಾನೆಯ ಕೊಳೆ ಬಾವಿಗೆ ಇಳಿಯುತ್ತಿದೆ ಎಂದು ಸಾಬೀತಾದರೆ ಕಾರ್ಖಾನೆಯ ಮೋರಿ ಮುಚ್ಚಬೇಕು, ಕಾಲೊನಿಗೆ ನಲ್ಲಿ ನೀರು ಬರಬೇಕು. ಎಲ್ಲ ಆ ಒಂದು ಬಾಟಲಿಯ ಮೇಲೆ ನಿಂತಿತ್ತು.

"ನೀರು ಕೊಟ್ರಾ ಆಂಟಿ?"

"ಕೊಟ್ಟೀನವ್ವ. ಪಟಿಕ ಆಡಿಸಿ, ಸೋಸಿ, ಕನ್ನಡಿಯಂಥಾ ನೀರು ಕೊಟ್ಟೀನಿ. ನಮ್ಮ ಮಾನ ಕಳದಿಲ್ಲ."

ಸತ್ಯಭಾಮಾ ಮೆಟ್ಟಿಲ ಮೇಲೆ ಕೂತಳು. ಬಯ್ಯಲಿಲ್ಲ. "ಆ ಕೊಳಕನ್ನೇ ಅಲ್ವಾ ಆಂಟಿ, ಅವರಿಗೆ ತೋರಿಸಬೇಕಾಗಿದ್ದದ್ದು" ಅಂದಳು.

ಆಗ ಪಾರ್ವತಿಬಾಯಿಗೆ ತಾನು ಮಾಡಿದ್ದೇನೆಂದು ತಿಳಿಯಿತು. ಅಳು ಬರಲಿಲ್ಲ. ಬಂದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಕೂತು ಕೂತು ಕಾಲು ಜೋಮು ಹಿಡಿಯುತ್ತದಲ್ಲ, ಹಾಗೆ ಮೈಯೆಲ್ಲ ಆಗಿತ್ತು.

ಮರುದಿನ ಗಂಡ ಅಮರೇಶಪ್ಪನನ್ನು ಕರೆದುಕೊಂಡು ಕಚೇರಿಗೆ ಹೋದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಸಾಹೇಬರ ಮುಖ ಬಿಳಿಚಿಕೊಂಡಿತು. ಬಾವಿಯ ಹತ್ತಿರವೇ ಹೋಗಲಿಲ್ಲವೆಂದು ಒಪ್ಪಿಕೊಂಡರೆ ಅವರ ನೌಕರಿಯ ಗತಿ? ಮುದ್ರೆ ಬಿದ್ದ ಮೇಲೆ ಏನೂ ಆಗುವುದಿಲ್ಲ, ಬಾವಿಯದೇ ಅಂತ ನೀವೇ ಹೇಳಿದಿರಲ್ಲ ಅಂದುಬಿಟ್ಟರು. ದಾರಿಯಲ್ಲಿ ಅಮರೇಶಪ್ಪ, "ನೀ ಬಾಯಿ ಬಿಟ್ಟಷ್ಟೂ ಕೆಡತೈತಿ. ಇನ್ನ ಆ ನೀರಿನ ಸುದ್ದಿ ತಗೀಬ್ಯಾಡ" ಅಂದ. ಅವಳು ತೆಗೆಯಲಿಲ್ಲ.

ನೀರು ಕುಡಿಯಲು ಯೋಗ್ಯವೆಂದು ವರದಿ ಬಂತು. ನಲ್ಲಿಯ ಮಾತು ಅಲ್ಲಿಗೇ ನಿಂತಿತು. ಸತ್ಯಭಾಮಾಳ ಸಂಸಾರ ಮಿಯಾಪುರದ ಫ್ಲ್ಯಾಟಿಗೆ ಹೊರಟಿತು. ಹೇಳಿಹೋಗಲು ಬಂದವಳ ಮುಂದೆ ಪಾರ್ವತಿಬಾಯಿ ರೂಢಿಯಂತೆ ಬೆಲ್ಲ, ನೀರು ಇಟ್ಟಳು. ಸತ್ಯಭಾಮಾ ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು, ತಂಬಿಗೆ ಮುಟ್ಟದೆ ಎದ್ದಳು. "ಬರ್ತೀನಿ ಆಂಟಿ" ಅಂದಳು, ಪ್ರೀತಿಯಿಂದಲೇ.

ಮಳೆಗಾಲದ ಹೊತ್ತಿಗೆ ಯಾರೋ ಬಾವಿಯ ಕಟ್ಟೆಗೆ ಸುಣ್ಣ ಬಳಿದು, ನೀಲಿ ಬಣ್ಣದಲ್ಲಿ 'ಕುಡಿಯುವ ನೀರು' ಎಂದು ತೆಲುಗಿನಲ್ಲಿ ಬರೆದರು. ಪಕ್ಕದ ಖಾಲಿ ಜಾಗದಲ್ಲಿ ಸಾಫ್ಟ್‌ವೇರಿನವರಿಗಾಗಿ ಅಪಾರ್ಟ್‌ಮೆಂಟಿನ ಪಾಯ ಎದ್ದಿತು. ಕೆಲಸದವರ ತಗಡಿನ ಶೆಡ್ಡುಗಳೂ ಎದ್ದವು.

ಒಂದು ಬೆಳಿಗ್ಗೆ ಆ ಶೆಡ್ಡಿನ ಕಡೆಯಿಂದ ಎಳೆಯ ಹೆಂಗಸೊಬ್ಬಳು ಬಂದಳು. ಬಗಲಲ್ಲಿ ಕೂಸು, ಕೈಯಲ್ಲಿ ಪ್ಲಾಸ್ಟಿಕ್ ಕೊಡ. ಬಾವಿಗೆ ಇಣುಕಿ ನೋಡಿ, ಪಾರ್ವತಿಬಾಯಿಯ ಇಳಕಲ್ ಸೀರೆ ಕಂಡು ಕನ್ನಡದಲ್ಲೇ ಮಾತಾಡಿದಳು.

"ಯಕ್ಕಾ, ನೀರು ಕೆಂಪಗ ಕಾಣಾಕತ್ತಾವಲ್ರಿ. ಕುಡ್ಯಾಕ ಛಲೋ ಅದಾವೇನ್ರಿ?"

ಪಾರ್ವತಿಬಾಯಿ ಕಟ್ಟೆಯ ನೀಲಿ ಅಕ್ಷರ ನೋಡಿದಳು. ಆ ನೀರಿನ ಸುದ್ದಿ ತೆಗೆಯಬೇಡವೆಂದ ಗಂಡನ ಮಾತು ನೆನಪಾಯಿತು.

"ಛಲೋ ಅದಾವಂತ ಬರದಾರವ್ವ" ಅಂದಳು.

ಹುಡುಗಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಗ್ಗಕ್ಕೆ ಕೈ ಹಾಕಿದಳು. ಬಗಲಿನ ಕೂಸು ಜಾರತೊಡಗಿತು.

"ಕೂಸಿನ್ನ ಇಲ್ಲೆ ಕೊಡವ್ವ" ಅಂದಳು ಪಾರ್ವತಿಬಾಯಿ. ತಾಯಿ ನೀರು ಸೇದಿ ಕೊಡ ತುಂಬಿಕೊಳ್ಳುವ ತನಕ ಕೂಸನ್ನು ಎತ್ತಿಕೊಂಡು ನಿಂತಳು.