ಇಳಿದ ಸಕ್ಕರೆ

ಹೊನ್ನಯ್ಯನ ಹೆಣಕ್ಕೆ ನೀರು ಹುಯ್ದ ಚೊಂಬು ಇನ್ನೂ ಮುನಿತಾಯಮ್ಮನ ಕೈಯಲ್ಲೇ ಇತ್ತು. ಗಂಡನ ತಂಗಿ ಶಿವಲಿಂಗಮ್ಮ ಪಕ್ಕಕ್ಕೆ ಬಂದು ಪಿಸುಗುಟ್ಟಿದಳು.

"ಅತ್ಗೆ, ಹೋಗ್ತಾ ಒಸಿ ಅಮೃತಬಳ್ಳಿ ಕೊಯ್ಕೊಂಡೋಯ್ತೀನಿ. ನಮ್ ಯಜಮಾನಂಗೆ ಕಷಾಯಕ್ಕೆ ಮುಗ್ದೋಗೈತೆ."

ಅವಳ ಗಂಡ ದಾಸಪ್ಪನಿಗೂ ಸಕ್ಕರೆ ಕಾಯಿಲೆ.

"ಕೊಡು ತಾಯಿ," ಎಂದಳು ಪಕ್ಕದ ಮನೆಯ ಗುಲ್ಜಾರ್ ಬೀ. "ನಿನ್ ಕೈಗುಣ ದೊಡ್ದು. ಸಕ್ರೆ ಕಾಯ್ಲೇನೇ ಓಡಿಸ್ದೆ. ಪಾಪ, ಕಿಡ್ನಿ ಕೈಕೊಡ್ತು."

ಹೊಂಗನೂರಿಗೆ ಹೊಂಗನೂರೇ ನಂಬಿದ ಮಾತು ಅದು. ಮುನಿತಾಯಮ್ಮ ಚೊಂಬನ್ನು ಕೆಳಗಿಟ್ಟಳು.

*

ಹೋದ ವರ್ಷ ಇದೇ ಜಗಲಿಯಲ್ಲಿ ಅವಳು ಮೈಸೂರು ಪಾಕು ಹಂಚಿದ್ದಳು. ಕಷಾಯ ಕುಡಿಸುತ್ತಾ ಬಂದಂತೆ ಗಂಡನ ಶುಗರ್ ತಾನಾಗಿ ಇಳಿದಿತ್ತು. ಹೊನ್ನಯ್ಯ ಇನ್ಸುಲಿನ್ ಬಿಟ್ಟು, "ಗೆದ್ಬುಟ್ಟೆ ಕಣಮ್ಮಿ" ಎಂದು ನಕ್ಕಿದ್ದ. ಗೆದ್ದವರಿಗೆ ಆಸ್ಪತ್ರೆ ಯಾಕೆ? ಉಸಿರು ಕಟ್ಟಿದ ಮೇಲಷ್ಟೇ ಚನ್ನಪಟ್ಟಣಕ್ಕೆ ಓಡಿದ್ದು.

"ವಾಸಿಯಾಗಿದ್ದಲ್ಲ ಅಮ್ಮ," ಎಂದಿದ್ದರು ಡಾಕ್ಟರು. "ಸಕ್ಕರೆ ಒಳಗೊಳಗೇ ಕಿಡ್ನಿ ತಿಂದಿದೆ. ಕಿಡ್ನಿ ಸೋತರೆ ಇನ್ಸುಲಿನ್ ಮೈಯಲ್ಲೇ ಉಳಿದು ಶುಗರ್ ಇಳಿಯುತ್ತೆ. ನೀವು ಅದಕ್ಕೇ ಖುಷಿಪಟ್ಟಿರಿ."

ಆಮೇಲೆ ಹೊನ್ನಯ್ಯ ಡಯಾಲಿಸಿಸ್ ಯಂತ್ರಕ್ಕೆ ಕಟ್ಟಿದ ಗಾಣದ ಎತ್ತಾದ. ಊದಿದ ಅವನ ಕಾಲನ್ನು ಒತ್ತಿದರೆ ಬಿದ್ದ ಗುಳಿ ಏಳುತ್ತಿರಲಿಲ್ಲ; ನೋಡಲು ಬಂದವರೆಲ್ಲ ಅದನ್ನು ಕಂಡಿದ್ದರು. ಡಾಕ್ಟರು ಅಂದದ್ದನ್ನು ಅವಳು ಅವನಿಗೂ ಹೇಳಲಿಲ್ಲ, ಊರಿಗೂ ಹೇಳಲಿಲ್ಲ. ಯಾವ ಬಾಯಲ್ಲಿ ಹೇಳುವುದು?

*

ಚಟ್ಟ ಸಿದ್ಧವಾಯಿತು, ತಮಟೆ ಶುರುವಾಯಿತು. ದಾಸಪ್ಪ ಬಂದು ಜಗಲಿಯ ಅಂಚಿನಲ್ಲಿ ಕುಸಿದು ಕೂತ.

"ನಿನ್ ಕಷಾಯ ನಂಗೂ ಹಿಡೀತು ಕಣವ್ವ. ಶುಗರ್ ಇಳ್ದೈತೆ, ಸೂಜಿ ಬುಟ್ಬುಟ್ಟೆ. ಕಾಲು ಒಸಿ ಊದ್ಕೊಂಡೈತೆ, ಅಷ್ಟೆಯಾ."

ಮುನಿತಾಯಮ್ಮ ಅವನ ಕಾಲು ನೋಡಿದಳು. ಹೇಳಿದರೆ ಗಂಡನನ್ನು ಕೊಂದವಳು ಅನ್ನುತ್ತಾರೆ. ಸುಮ್ಮನಿದ್ದರೆ ಇವನೂ ಹೋಗುತ್ತಾನೆ. ಅತ್ತ ದರಿ, ಇತ್ತ ಪುಲಿ.

"ಅಣ್ಣ, ಅದು ವಾಸಿಯಾಗಿದ್ದಲ್ಲ," ಎಂದಳು. "ಕಿಡ್ನಿ ಸೋತ್ರೂ ಸಕ್ರೆ ಇಳೀತೈತೆ. ನಿಮ್ ಬಾವಂಗೂ ಹಿಂಗೇ ಆಗಿದ್ದು. ಕಷಾಯದಿಂದ ಏನೂ ವಾಸಿಯಾಗಿರ್ನಿಲ್ಲ. ಡಾಕ್ಟ್ರೇ ಹೇಳವ್ರೆ."

"ದುಃಖದಲ್ಲಿ ಏನೇನೋ ಅಂತಾವ್ಳೆ," ಎಂದು ಗುಲ್ಜಾರ್ ಬೀ ಬೆನ್ನು ಸವರಿದಳು.

ಶಿವಲಿಂಗಮ್ಮನ ಮುಖ ಗಂಟಾಯಿತು. "ಬಳ್ಳಿ ಕೊಡಕೆ ಮನ್ಸಿಲ್ದಿದ್ರೆ ಬುಡು ಅತ್ಗೆ. ಹೆಣದ ಮುಂದೆ ಸುಳ್ಯಾಕೆ?"

ಇಷ್ಟು ದಿನ ಹೊತ್ತು ಮೆರೆದ ಕೈಗುಣದ ಹೆಸರೇ ಈಗ ಅವಳ ಬಾಯಿ ಮುಚ್ಚಿತ್ತು. ಚಟ್ಟಕ್ಕೆ ಹೆಗಲು ಕೊಡಲು ಗಂಡಸರು ಬಗ್ಗಿದ್ದರು. ಮುನಿತಾಯಮ್ಮ ನಾಚಿಕೆ ಬಿಟ್ಟು ದಾಸಪ್ಪನ ಕಾಲ ಬುಡದಲ್ಲಿ ಕೂತಳು. ಪಂಚೆ ಸರಿಸಿ, ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿದಳು.

ತಮಟೆ ನಿಂತಿತು. ಎಲ್ಲರೂ ನೋಡುತ್ತಿದ್ದಂತೆ ಅವಳು ಬೆರಳು ತೆಗೆದಳು. ಗುಳಿ ಬಿದ್ದದ್ದು ಬಿದ್ದ ಹಾಗೇ ಇತ್ತು.